ನಿದ್ದೆ ಔಷಧಿ ಕೊಟ್ಟ ಮಗುವನ್ನ ಮನೇಲಿ ಕಾದದ್ದು: ನಾಲ್ಕನೇ ಸಲಕ್ಕೆ ಸರಿಹೋಯ್ತು

ಹೋದ ವಾರ ನಮ್ಮ ಹುಡುಗನಿಗೆ ನಿದ್ದೆ ಔಷಧಿ ಕುಡಿಸಿ ಎಂಆರ್‌ಐ ಮಾಡಿಸ್ಕೊಂಡು ಬಂದ್ವಿ. ಇದು ನಾಲ್ಕನೇ ಓಡಾಟ. ವಾಂತಿ ಇಲ್ಲ, ಬಿದ್ದಿಲ್ಲ, ರಾತ್ರಿ ರಂಪ ಇಲ್ಲ. ಮೊದಲಿಂದ ಮೂಗು ಮುರೀತಿದ್ದ ನಮ್ಮತ್ತೆಯೇ ಸುಮ್ಮನಾಗಿದ್ದಾರೆ, ಅದಕ್ಕೇ ಧೈರ್ಯವಾಗಿ ಬರೀತಿದೀನಿ. ಫಿಟ್ಸ್ ಇರೋ ಮಕ್ಕಳ ಅಮ್ಮಂದಿರಿಗೆ ಇಇಜಿ (ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡೋ ಪರೀಕ್ಷೆ), ಔಷಧಿಗೆ ಮುಂಚಿನ ಖಾಲಿ ಹೊಟ್ಟೆ ಲೆಕ್ಕ ಎಲ್ಲ ಬಾಯಿಪಾಠ. ಸ್ಕ್ಯಾನ್ ಮುಗಿದು ಮಗು ತೂಕಡಿಸ್ತಾ ಕೈಗೆ ಬಂದ ಮೇಲಿನ ಕಥೆ ಮಾತ್ರ ಹೇಳ್ತೀನಿ.

ಮೊದಲ ಸಲ ಅವನಿಗೆ ಮೂರು ವರ್ಷ. ಬೆಂಗಳೂರಲ್ಲಿ ಮಧ್ಯಾಹ್ನ ಎರಡರ ಸರದಿ ಸಿಕ್ಕಿತ್ತು. ಮುಗಿಯೋ ಹೊತ್ತಿಗೆ ನಾಲ್ಕೂವರೆ. ಕಣ್ಣು ಬಿಟ್ಟ, ‘ಕರ್ಕೊಂಡು ಹೋಗಿ’ ಅಂದ್ರು. ಬೆಳಗ್ಗೆಯಿಂದ ಉಪವಾಸ ಇದ್ದ ಕೂಸು, ಹೆತ್ತ ಕರುಳು ಕೇಳುತ್ಯೇ? ತುಮಕೂರಿನ ಮನೆಗೆ ವಾಪಸ್ ಬರ್ತಾ ನೆಲಮಂಗಲದ ಹತ್ರ ಹಾಲು ತಗೊಂಡು ಬಾಟಲಿ ತುಂಬಾ ಕುಡಿಸಿದೆ. ಡಾಬಸ್‌ಪೇಟೆ ದಾಟೋದ್ರೊಳಗೆ ಎಲ್ಲ ವಾಪಸ್ ಬಂತು. ಅರೆನಿದ್ದೇಲಿ ಅಂಗಾತ ಮಲಗಿದ್ದ ಮಗು, ಹಾಲು ಮೂಗಿಗೂ ಬಂತು. ಪಕ್ಕಕ್ಕೆ ಹೊರಳಿಸಿ ಸೆರಗಲ್ಲಿ ಬಾಯಿ ಒರೆಸಿದ್ದು ನೆನಪಿದೆ, ಆ ಸೀರೆ ಮತ್ತೆ ಉಡಲಿಲ್ಲ. ಕಾರಿನ ಬಾಡಿಗೆ ಎರಡು ಸಾವಿರದ ಎಂಟುನೂರೋ ಏನೋ, ಮೇಲೆ ತೊಳೆಯೋಕೆ ಅಂತ ಐನೂರು. ಸ್ಕ್ಯಾನಿಗೆ ಏಳೆಂಟು ಸಾವಿರ ಬೇರೆ.

ಅಷ್ಟಕ್ಕೇ ಮುಗೀಲಿಲ್ಲ. ರಾತ್ರಿ ಹನ್ನೊಂದಕ್ಕೆ ಎದ್ದು ಮಂಚದಿಂದ ಇಳಿಯೋಕೆ ಹೋಗಿ ಧೊಪ್ಪಂತ ಬಿದ್ದ, ಹಣೆ ಬೋರೆ. ಅವನಿಗೆ ಕೊಟ್ಟಿದ್ದು ಟ್ರೈಕ್ಲೋಫಾಸ್ ಅನ್ನೋ ನಿದ್ದೆ ಸಿರಪ್. ಅದು ಒಂದು ಗಂಟೆಗೆ ಮುಗಿಯೋ ಮದ್ದಲ್ಲ. ಮೈಯಿಂದ ಅರ್ಧ ಇಳಿಯೋಕೇ ಎಂಟು-ಹತ್ತು ಗಂಟೆ ಬೇಕು. ಮಧ್ಯಾಹ್ನ ಕುಡಿಸಿದರೆ ಅದರ ಅಮಲು ನಾವೆಲ್ಲ ಮಲಗಿರೋ ಹೊತ್ತಲ್ಲಿ ಇನ್ನೂ ಉಳಿದಿರುತ್ತೆ. ಈಗ ನಾನು ಬೆಳಗಿನ ಮೊದಲ ಸರದಿ ಸಿಗದಿದ್ದರೆ ದಿನಾನೇ ಮುಂದೂಡ್ತೀನಿ.

ಎರಡನೇ ಸಲ ಆಸ್ಪತ್ರೆ ಬಾಗಿಲಿಂದಲೇ ವಾಪಸ್. ‘ಒಂದೇ ಗುಟುಕು ಕಣೇ, ಮಗು ಮುಖ ನೋಡಕ್ಕಾಗಲಿಲ್ಲ’ ಅಂತ ಅತ್ತೆ ಹಾಲು ಕೊಟ್ಟಿದ್ರು. ಬಾಡಿಗೆ ದಂಡ, ಮದುವೆ ಸೀಸನ್ನಿನ ಆರು ಬ್ಲೌಸಿನ ಹೊಲಿಗೆ ದಂಡ.

ಮೂರನೇದು ಇಇಜಿ. ಮನೆಗೆ ಬಂದ ಮೇಲೆ ಪಕ್ಕದ ಮನೆಯವರು ‘ಇಷ್ಟೊತ್ತು ಮಲಗಿಸ್ತಾರಾ? ಮುಖಕ್ಕೆ ತಣ್ಣೀರು ಹಾಕಿ, ಒಂಚೂರು ಕಾಫಿ ಕೊಡಿ’ ಅಂದ್ರು. ಕಾಫಿ ಕೊಡಲಿಲ್ಲ, ನೀರು ಚಿಮುಕಿಸಿದೆ. ಮುಕ್ಕಾಲು ಗಂಟೆ ಕಿರುಚಿದ, ನನ್ನ ಮುಂಗೈ ಕಚ್ಚಿದ, ಯಾರು ಏನು ಅಂತಾನೇ ಗೊತ್ತಿಲ್ಲ ಅವನಿಗೆ. ಎಚ್ಚರ ಆಗುತ್ತಾ ಅಂತ ನೋಡೋದು ಬೇರೆ, ಎಬ್ಬಿಸಿ ಕೂರಿಸೋದು ಬೇರೆ ಅಂತ ಅವತ್ತು ತಿಳೀತು.

ಈ ಸಲ ಆಸ್ಪತ್ರೆಯಲ್ಲೇ ಪಟ್ಟು ಹಿಡಿದೆ. ಅವನು ತಾನಾಗಿ ‘ಅಮ್ಮ’ ಅನ್ನಬೇಕು, ಕತ್ತು ನಿಲ್ಲಬೇಕು, ನಾಲ್ಕು ಚಮಚ ನೀರು ಕೆಮ್ಮದೆ ನುಂಗಬೇಕು. ಅಲ್ಲೀವರೆಗೂ ಜಾಗ ಬಿಟ್ಟು ಅಲ್ಲಾಡಲಿಲ್ಲ. ಒಂದೂವರೆ ಗಂಟೆ ಹಿಡೀತು. ನಮ್ಮೆಜಮಾನ್ರು ಪಾರ್ಕಿಂಗ್ ದುಡ್ಡಿಗೆ ಗೊಣಗಿದ್ರು, ಗೊಣಗಲಿ. ಕಾರಲ್ಲಿ ಅವರು ಓಡಿಸೋದು, ನಾನು ಹಿಂದೆ ಮಗು ಪಕ್ಕ. ತೊಡೆ ಮೇಲೆ ಕೂರಿಸೋದು ಬಿಟ್ಟೆ. ಯಾರೋ ಬಳಸಿದ ಮಕ್ಕಳ ಸೀಟು ಒಂದೂವರೆ ಸಾವಿರಕ್ಕೆ ತಗೊಂಡಿದ್ದೆ, ಅದಕ್ಕೆ ಬೆಲ್ಟ್ ಹಾಕಿದೆ. ನಿದ್ದೇಲಿ ಗದ್ದ ಎದೆಗೆ ಬಿದ್ದರೆ ಉಸಿರಿನ ದಾರಿ ಮಡಚಿಕೊಳ್ಳುತ್ತೆ, ಅದಕ್ಕೆ ತುಮಕೂರು ಬರೋತನಕ ಅಂಗೈಲಿ ಅವನ ಹಣೆ ಹಿಡಿದೇ ಕೂತಿದ್ದೆ. ಎಪ್ಪತ್ತು ಕಿಲೋಮೀಟರ್! ಕೈ ಮಾರನೇ ದಿನವೂ ಜೋಮು.

ಮನೇಲಿ ಹಾಸಿಗೆ ನೆಲಕ್ಕೆ. ದಿಂಬಿಲ್ಲ, ಮಗ್ಗುಲಾಗಿ ಮಲಗಿಸಿ ಬೆನ್ನಿಗೆ ಟವೆಲ್ ಸುರುಳಿ. ಕಾಲು ಗಂಟೆಗೊಮ್ಮೆ ಹೆಸರು ಹಿಡಿದು ಕರೆದು ಅಂಗಾಲು ಕೆರೀತಿದ್ದೆ. ಕಾಲು ಎಳ್ಕೊಂಡು ‘ಹೂಂ…’ ಅಂತ ಗೊಣಗಿದರೆ ಸಾಕು, ಮತ್ತೆ ಮಲಗಲಿ. ಅಂಗಿ ಮೇಲೆತ್ತಿ ಹೊಟ್ಟೆ ಏಳೋದನ್ನ ಎಣಿಸಿದೆ, ನಿಮಿಷಕ್ಕೆ ಇಪ್ಪತ್ತೆರಡೋ ಇಪ್ಪತ್ನಾಲ್ಕೋ ಇತ್ತು. ಅಂಗಾಲು ಕೆರೆದರೂ ಅಲ್ಲಾಡದಿದ್ದರೆ, ಉಸಿರು ಕಷ್ಟ ಆದರೆ, ತುಟಿ ನೀಲಿಗಟ್ಟಿದರೆ ಯಾರನ್ನೂ ಕೇಳದೆ 108. ಆಸ್ಪತ್ರೆ ನಂಬರನ್ನೂ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದಿದ್ದೆ, ಬೇಕಾಗಲಿಲ್ಲ.

ಹೊಟ್ಟೆಗೆ ಮೊದಲು ನೀರು, ಅರ್ಧ ಗಂಟೆ ಬಿಟ್ಟು ಉಪ್ಪು ಹಾಕಿದ ಗಂಜಿ ತಿಳಿ ಚಮಚದಲ್ಲಿ, ಅದು ನಿಂತ ಮೇಲೆ ಒಂದು ಇಡ್ಲಿ. ಹಾಲು ಮಾರನೇ ದಿನಕ್ಕೆ. ಫಿಟ್ಸ್ ಸಿರಪ್ ಯಾವಾಗ ಕೊಡೋದು ಅಂತ ಡಾಕ್ಟರ್ ಹತ್ರ ಮೊದಲೇ ಬರೆಸ್ಕೊಂಡಿದ್ದೆ. ಮೂಗು ಸೋರ್ತಿದೆ, ಶೀತದ ಸಿರಪ್ ಹಾಕಿ ಅಂದ್ಲು ನಾದಿನಿ. ಅದರಲ್ಲೂ ಎಷ್ಟೋ ನಿದ್ದೆ ಬರಿಸೋವೇ ಇರ್ತವೆ, ಹಾಕಲಿಲ್ಲ.

ನನ್ನದೊಂದು ಹುಚ್ಚು ಪ್ರಯೋಗ: ಅತ್ತೆಯ ಟ್ರಂಕಿನಲ್ಲಿದ್ದ ಗೆಜ್ಜೆ ಅವನ ಕಾಲಿಗೆ ಕಟ್ಟಿದೆ. ಅಡುಗೆಮನೇಲಿ ಒಂದು ನಿಮಿಷ ಇದ್ದರೂ ಎದ್ದದ್ದು ಕೇಳುತ್ತೆ. ಎಲ್ಲರೂ ನಕ್ಕರು, ಎರಡು ಸಲ ಅದೇ ಹಿಡಿದುಕೊಡ್ತು. ಇನ್ನೊಂದು, ನಡುಮನೆ ಟೈಲ್ಸ್ ಗೆರೆ ಮೇಲೆ ಕೈ ಹಿಡಿದು ನಡೆಸೋದು. ಮಧ್ಯಾಹ್ನ ಒಂದು ಗಂಟೆಗೆ ಎರಡು ಟೈಲ್ಸಿಗೇ ವಾಲಿದ, ನಾಲ್ಕಕ್ಕೆ ಐದು, ಏಳೂವರೆಗೆ ಗೋಡೆತನಕ ನೆಟ್ಟಗೆ. ಆದರೂ ಮಾರನೇ ದಿನ ಮೆಟ್ಟಿಲು, ಸೈಕಲ್ ಇಲ್ಲ, ಸ್ಕೂಲಿಗೂ ರಜ.

ಇಇಜಿ ಅಂಟಿನ ಬಗ್ಗೆ ಒಂದು ಮಾತು. ಕೊಬ್ಬರಿ ಎಣ್ಣೆ ಹಚ್ಚಿ ಕೂದಲು ಜಡೆಗಟ್ಟಿಸಿಕೊಂಡೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ತಲೆಗೆ ಸುತ್ತಿ ಹತ್ತು ನಿಮಿಷ ಬಿಟ್ಟರೆ ಅಂಟು ಮೆತ್ತಗಾಗಿ ಬಾಚಣಿಗೆಗೆ ಬರುತ್ತೆ. ತಲೆಸ್ನಾನ ಮಾತ್ರ ಮಂಪರು ಪೂರ್ತಿ ಹರಿದ ಮೇಲೆ.

ಆ ನಿದ್ದೆ ಸಿರಪ್ಪನ್ನ ಆಸ್ಪತ್ರೆಯಲ್ಲಿ ನರ್ಸ್ ಎದುರೇ ಕುಡಿಸೋದು, ಮನೆಯಿಂದ ಕುಡಿಸ್ಕೊಂಡು ಹೋಗೋದಿಲ್ಲ. ಉಗುಳದ ಹಾಗೆ ಹೇಗೆ ಕುಡಿಸ್ತೀಯ ಅಂತ ಎಲ್ಲರೂ ಕೇಳ್ತಾರೆ. ಅದನ್ನ ಇಲ್ಲಿ ಬರೆಯಲ್ಲ. ಅವನಿಗೀಗ ಆರು ವರ್ಷ, ಅಕ್ಷರ ಕೂಡಿಸಿ ಓದ್ತಾನೆ. ಗೆಜ್ಜೆ ಮಾತ್ರ ಇನ್ನೂ ಬಿಚ್ಚೋಕೆ ಬಿಟ್ಟಿಲ್ಲ.