ಕೇಳದೆ ಕವರ್ ಕೊಡುವ ಅಭ್ಯಾಸ ಬಿಡಿಸುವುದು ಹೇಗೆ?

ಪ್ಲಾಸ್ಟಿಕ್ ಕವರ್ ಬೇಡ ಎನ್ನುವ ಅಭಿಯಾನಗಳು ಗಿರಾಕಿಗೆ ಬುದ್ಧಿ ಹೇಳುವುದರಿಂದ ಶುರುವಾಗಿ ಎಷ್ಟೋ ಸಲ ಅಲ್ಲಿಗೇ ಮುಗಿದುಹೋಗುತ್ತವೆ. ಭಿತ್ತಿಪತ್ರ ಆಯಿತು, ಪ್ರತಿಜ್ಞೆ ಆಯಿತು. ಮರುದಿನ ಅಂಗಡಿಯಲ್ಲಿ ಮತ್ತದೇ ಕವರ್. ಗಲ್ಲಾದ ಪಕ್ಕ ಅರ್ಧ ಗಂಟೆ ನಿಂತು ನೋಡಿ. ಎಷ್ಟೋ ಕವರ್‌ಗಳನ್ನು ಯಾರೂ ಕೇಳಿಯೇ ಇರುವುದಿಲ್ಲ. ಕೊಡುವ ಕೈ ತಾನಾಗಿ ಕೊಡುತ್ತದೆ, ತೆಗೆದುಕೊಳ್ಳುವ ಕೈ ತಾನಾಗಿ ಚಾಚುತ್ತದೆ. ನಮ್ಮ ಕೆಲಸ ಇರುವುದು ಈ ಎರಡು ಕೈಗಳ ನಡುವೆ.

ಮೊದಲು ಲೆಕ್ಕ

ಐದಾರು ಅಂಗಡಿಯವರನ್ನು ಒಪ್ಪಿಸಿ ಒಂದು ವಾರ ಲೆಕ್ಕ ಇಡಿಸಿ. ಒಂದೊಂದು ಕವರಿಗೂ ಗೀಟು ಹಾಕಬೇಕಿಲ್ಲ. ವಾರದ ಮೊದಲ ದಿನ ಎಷ್ಟು ಕಟ್ಟು ಇತ್ತು, ಕೊನೆಗೆ ಎಷ್ಟು ಉಳಿಯಿತು ಎಂದು ಬರೆದಿಟ್ಟರೆ ಸಾಕು. ಯಾವ ಅಳತೆಯದು ಬೇಗ ಖಾಲಿಯಾಗುತ್ತದೆ ಎಂದೂ ಕೇಳಿ. ಕೈಯಲ್ಲೇ ಹಿಡಿದು ಹೋಗಬಹುದಾದ ಒಂದೇ ಸಾಮಾನಿಗೆ ಕೊಡುವ ಪುಟ್ಟ ಕವರ್‌ನಿಂದಲೇ ಆರಂಭಿಸಿ. ಅದನ್ನು ಬಿಡಿಸುವುದು ಎಲ್ಲಕ್ಕಿಂತ ಸುಲಭ.

ಎಲ್ಲ ಅಂಗಡಿಯವರೂ ಒಂದೇ ದಿನ

ಕಷ್ಟದ ಹಂತ ಇದೇ. 'ನಾನು ಕೊಡದಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ' ಎಂಬ ಅಂಗಡಿಯವರ ಭಯವನ್ನು ನೆಪ ಎಂದುಕೊಂಡರೆ ಕೆಲಸ ಕೆಟ್ಟಂತೆ. ಅದು ನಿಜವಾದ ಭಯ. ಒಬ್ಬೊಬ್ಬರನ್ನೇ ಒಪ್ಪಿಸುತ್ತ ಹೋದರೆ ಮೊದಲು ಒಪ್ಪಿದವರಿಗೇ ನಷ್ಟದ ಅಂಜಿಕೆ. ಆದ್ದರಿಂದ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಎಲ್ಲರಿಗೂ ಒಂದೇ ದಿನಾಂಕ ಗೊತ್ತುಮಾಡಿ.

ಇಂಗ್ಲೆಂಡಿನ ಡೆವನ್‌ನ ಮಾಡ್‌ಬರಿ ಎಂಬ ಪುಟ್ಟ ಊರು ಮಾಡಿದ್ದು ಇದನ್ನೇ. ವನ್ಯಜೀವಿ ಛಾಯಾಗ್ರಾಹಕಿ ರೆಬೆಕಾ ಹಾಸ್ಕಿಂಗ್, ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಪ್ಲಾಸ್ಟಿಕ್ ನುಂಗಿ ಸಾಯುತ್ತಿದ್ದ ಆಲ್ಬಟ್ರಾಸ್ ಹಕ್ಕಿಗಳನ್ನು ಕಂಡು ಬಂದಿದ್ದರು. ಊರಿನ ವ್ಯಾಪಾರಿಗಳನ್ನು ಸೇರಿಸಿ ತಾವು ಚಿತ್ರೀಕರಿಸಿದ್ದನ್ನು ತೋರಿಸಿದರು. 2007ರ ಮೇ 1ರಿಂದ 43 ವ್ಯಾಪಾರಿಗಳೂ ಒಟ್ಟಿಗೆ ಕವರ್ ನಿಲ್ಲಿಸಿದರು. ಅದೂ ಮೊದಲಿಗೆ ಆರು ತಿಂಗಳ ಪ್ರಯೋಗವೆಂದು. 'ಇನ್ನು ಮುಂದೆ ಎಂದೆಂದಿಗೂ' ಎಂದರೆ ಹಿಂದೇಟು ಹಾಕುವವರು ಆರು ತಿಂಗಳಿಗಾದರೆ ಹೂಂ ಎನ್ನುತ್ತಾರೆ.

ಕೊಂಡಿಟ್ಟ ದಾಸ್ತಾನು ಮುಗಿಯಲು ಸಮಯ ಕೊಡಿ. ಅದನ್ನು ಎಸೆಯಿರಿ ಎನ್ನುವುದು ಅನ್ಯಾಯ, ಕಸವೂ ಹೆಚ್ಚುತ್ತದೆ.

ಬಿಟ್ಟಿ ಸಿಗದಿರಲಿ

ಕವರ್ ಕಟ್ಟು ಕಣ್ಣಿಗೆ ಬೀಳದ ಹಾಗೆ ಗಲ್ಲಾದ ಕೆಳಗಿರಲಿ. 'ಚೀಲ ತಂದಿದ್ದೀರಾ?' ಎಂಬುದೇ ಮೊದಲ ಮಾತಾಗಲಿ. ಆಮೇಲೂ ಕವರ್ ಬೇಕೆಂದವರು ದುಡ್ಡು ಕೊಡಲಿ.

ಚೀಲ ತಂದವರಿಗೆ ರಿಯಾಯಿತಿ ಕೊಡೋಣ ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಲು ಹಿತವಾದ ಸಲಹೆ, ಆದರೆ ಉಪಯೋಗ ಕಡಿಮೆ. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಣ್ಣ ಶುಲ್ಕ ಹಾಕಿದಾಗ ಕವರ್ ಬಳಕೆ ಗಣನೀಯವಾಗಿ ಇಳಿಯಿತು. ಅಷ್ಟೇ ಮೊತ್ತದ ರಿಯಾಯಿತಿ ಕೊಟ್ಟಾಗ ಹೆಚ್ಚುಕಡಿಮೆ ಏನೂ ಆಗಲಿಲ್ಲ. ಬರುವ ಕಾಸಿಗಿಂತ ಹೋಗುವ ಕಾಸೇ ಮನುಷ್ಯನಿಗೆ ಹೆಚ್ಚು ಚುರುಕು ಮುಟ್ಟಿಸುವುದು. ಐರ್ಲೆಂಡ್ 2002ರಲ್ಲಿ ಕವರ್ ಮೇಲೆ ಶುಲ್ಕ ಹೇರಿದ ಮೇಲೆ ಬಳಕೆ ಶೇ 90ಕ್ಕೂ ಹೆಚ್ಚು ಕುಸಿಯಿತು.

ಹೀಗೆ ಬಂದ ದುಡ್ಡು ಎಲ್ಲಿ ಹೋಗುತ್ತದೆ ಎಂಬುದನ್ನು ಅಂಗಡಿಯಲ್ಲೇ ಬರೆದು ತೂಗುಹಾಕಿ. ಇಲ್ಲದಿದ್ದರೆ 'ಅಂಗಡಿಯವನ ಹೊಸ ಲಾಭ' ಎಂಬ ಮಾತು ಹಬ್ಬಲು ಎರಡು ದಿನ ಬೇಕಿಲ್ಲ.

ಬದಲಿ ಚೀಲದ ಬಲೆ

ಉತ್ಸಾಹಿ ಗುಂಪುಗಳು ಎಡವುವುದು ಇಲ್ಲಿ. ಹೆಸರು ಅಚ್ಚು ಹಾಕಿಸಿದ ಸಾವಿರಾರು ಬಟ್ಟೆ ಚೀಲ ಹೊಲಿಸಿ ಹಂಚುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಹತ್ತಿ ಬೆಳೆಯಲು, ನೂಲಲು, ನೇಯಲು ಆಗುವ ಖರ್ಚನ್ನೂ ಲೆಕ್ಕ ಹಾಕಬೇಕಲ್ಲ? ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಆ ಲೆಕ್ಕ ಹಾಕಿತು: ಭೂಮಿ ಬಿಸಿಯಾಗುವುದರ ಮಟ್ಟಿಗೆ ಹತ್ತಿ ಚೀಲವೊಂದು ಒಮ್ಮೆ ಬಳಸಿ ಎಸೆಯುವ ತೆಳು ಕವರಿಗೆ ಸರಿಸಮವಾಗಲು ಅದನ್ನು 131 ಸಲ ಬಳಸಬೇಕು. ಕಾಗದದ ಚೀಲವನ್ನೂ ಮೂರು ಸಲ. ಆದ್ದರಿಂದ ಹೊಸದನ್ನು ಹೊಲಿಸುವ ಮೊದಲು ಮನೆಗಳಲ್ಲಿ ಮಡಚಿಟ್ಟಿರುವ ಚೀಲಗಳನ್ನು ಹೊರತೆಗೆಸಿ. ಅಂಗಡಿ ಬಾಗಿಲಲ್ಲಿ ಒಂದು ಬುಟ್ಟಿ ಇರಲಿ. ಹೆಚ್ಚಿರುವವರು ಹಾಕಲಿ, ಮರೆತು ಬಂದವರು ಒಯ್ದು ಮತ್ತೆ ತಂದಿಡಲಿ. ಕೆಲವು ಚೀಲ ಮರಳಿ ಬರುವುದಿಲ್ಲ. ಬರದಿದ್ದರೆ ಬೇಡ, ಯಾರದೋ ಮನೆಯಲ್ಲಿ ಬಳಕೆಯಾಗುತ್ತಿರುತ್ತದೆ.

ದಪ್ಪ ಪ್ಲಾಸ್ಟಿಕ್ ಚೀಲದ ಆಸೆಗೆ ಬೀಳಬೇಡಿ. ತೆಳು ಕವರ್ ನಿಷೇಧಿಸಿದ ಕ್ಯಾಲಿಫೋರ್ನಿಯಾ, ದಪ್ಪನೆಯದಕ್ಕೆ ಮತ್ತೆ ಮತ್ತೆ ಬಳಸುವ ಚೀಲವೆಂದು ಅವಕಾಶ ಬಿಟ್ಟಿತ್ತು. ಆ ಕಿಂಡಿ ಮುಚ್ಚಲು 2024ರಲ್ಲಿ ಇನ್ನೊಂದು ಕಾನೂನೇ ಬೇಕಾಯಿತು. ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲವೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ.

ನೀರು ಸೋರುವ ಸಾಮಾನಿಗೆ ಏನು ಮಾಡುವುದೆಂದು ಮೊದಲೇ ತೀರ್ಮಾನಿಸಿ: ಡಬ್ಬಿ ತರುವುದೋ, ಅದಕ್ಕಷ್ಟೇ ವಿನಾಯಿತಿಯೋ.

ಮತ್ತೆ ಲೆಕ್ಕ

ಮೂರನೇ ತಿಂಗಳು ಅದೇ ಅಂಗಡಿಗಳಲ್ಲಿ ಇನ್ನೊಂದು ವಾರ ಕಟ್ಟು ಎಣಿಸಿ. ಎಲ್ಲೋ ಒಂದು ಕಡೆ ಸಂಖ್ಯೆ ಇಳಿದಿಲ್ಲವೆಂದರೆ ಮಾಲೀಕರ ಮೇಲೆ ರೇಗುವ ಮೊದಲು ಗಲ್ಲಾದಲ್ಲಿ ಯಾರು ನಿಂತಿದ್ದಾರೆ ನೋಡಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಯಾರೂ ಹೇಳಿಯೇ ಇರಲಿಕ್ಕಿಲ್ಲ.