ಬಚ್ಚಲ ಹಂಡೆಯ ನೀರು, ಮಗನ ಹಾಸಿಗೆ

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಹಾಸಿಗೆಗೆ ಬಿಸಿಲು ಕಾಣಿಸುವ ಮಾತೇ ಇಲ್ಲ. ಮಗನಿಗೆ ಏಳು ವರ್ಷವಾಗಿದ್ದಾಗ ಆ ನಾಲ್ಕು ತಿಂಗಳೂ ಎದ್ದ ಕೂಡಲೇ ಸಾಲು ಸೀನು, ನಡುರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಅನ್ನುವ ಸದ್ದು. ನಾನು ಅಟ್ಟದ ದೂಳು ಹೊಡೆದೆ, ಜೇಡರ ಬಲೆ ತೆಗೆದೆ, ಪುಸ್ತಕದ ಕಪಾಟು ಒರೆಸಿದೆ. ಅವನು ಮಲಗುವ ಬೂರುಗದ ಹತ್ತಿಯ ಹಾಸಿಗೆಯನ್ನು ಮಾತ್ರ ಮುಟ್ಟಲಿಲ್ಲ. ಅದರ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿರುತ್ತಿತ್ತಲ್ಲ, ಅಲ್ಲೇನು ದೂಳು ಅಂದುಕೊಂಡಿದ್ದೆ.

ಮಂಗಳೂರಿನಲ್ಲಿ ಅಲರ್ಜಿ ಪರೀಕ್ಷೆ ಮಾಡಿಸಿದೆವು. ವೈದ್ಯರು ಹೇಳಿದಂತೆ ಸೀನಿನ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಿದ್ದೆವು. ಮುಂಗೈ ಮೇಲೆ ಬೇರೆ ಬೇರೆ ಹನಿ ಇಟ್ಟು, ಒಂದೊಂದರ ಮೂಲಕವೂ ಸಣ್ಣಗೆ ಚುಚ್ಚಿದರು. 15 ನಿಮಿಷದಲ್ಲಿ ಒಂದು ಜಾಗ ಸೊಳ್ಳೆ ಕಚ್ಚಿದಂತೆ ದಪ್ಪಗೆ ಉಬ್ಬಿತು. ‘ದೂಳಿನ ನುಸಿ’ ಅಂದರು ವೈದ್ಯರು.

ತೆಂಗಿಗೆ ಬೀಳುವ ನುಸಿ ಗೊತ್ತಿತ್ತು, ಹಾಸಿಗೆಯ ನುಸಿ ಗೊತ್ತಿರಲಿಲ್ಲ. ಇದು ಉಣುಗಿನ ಬಳಗದ್ದು, ಎಂಟು ಕಾಲು. ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗವೂ ಬಾರದು. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ನೀರು ಕುಡಿಯದೆ, ಗಾಳಿಯ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ. ಅದರ ಹಿಕ್ಕೆಯಲ್ಲಿರುವ ಪ್ರೋಟೀನುಗಳೇ ಮಗನಿಗೆ ಆಗದ ವಸ್ತು. ಮಗ್ಗುಲು ಬದಲಿಸಿದಾಗೆಲ್ಲ ಅದು ಮೇಲೆದ್ದು ಮೂಗಿಗೆ ಹೋಗುತ್ತದೆ. ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ವೂರ್‌ಹಾರ್ಸ್ಟ್, ಸ್ಪೀಕ್ಸ್ಮಾ ಅವರ ತಂಡ 1960ರ ದಶಕದಲ್ಲಿ ಮನೆದೂಳಿನ ಅಲರ್ಜಿಗೆ ಈ ನುಸಿಯೇ ಮೂಲವೆಂದು ತೋರಿಸಿತು. ತೇವದ ಮನೆಗಳಲ್ಲಿ ಅದು ಹೆಚ್ಚೆಂದೂ ಅವರು ಕಂಡುಕೊಂಡರು. ಓದುವಾಗ ನಮ್ಮ ಮಳೆಗಾಲದ ಕೋಣೆಯೇ ಕಣ್ಣಿಗೆ ಕಟ್ಟಿತು.

ಗಾಳಿಯ ತೇವ 50 ಪ್ರತಿಶತಕ್ಕಿಂತ ಕೆಳಗೆ ಇದ್ದರೆ ನುಸಿ ಒಣಗಿ ಸಾಯುತ್ತದಂತೆ. ಮಲೆನಾಡಿನ ಆಷಾಢದಲ್ಲಿ ಅದು ಆಗುವ ಕೆಲಸವಲ್ಲ. ಹಾಗಾಗಿ ಇಡೀ ಮನೆಯ ಗೊಡವೆ ಬಿಟ್ಟು, ಅವನು ಒಂಬತ್ತು ತಾಸು ಮುಖ ಒತ್ತಿ ಮಲಗುವ ಜಾಗವೊಂದನ್ನೇ ಹಿಡಿದೆ. ಹಳೇ ಹಾಸಿಗೆ ಹೊರಗೆ ಹೋಯಿತು. ಹೊಸದಕ್ಕೂ ದಿಂಬಿಗೂ ನುಸಿ ನುಸುಳದಷ್ಟು ಒತ್ತಾಗಿ ನೇಯ್ದ, ಸುತ್ತಲೂ ಜಿಪ್ ಇರುವ ಗವಸು ಹಾಕಿದೆ.

ಇನ್ನು ಒಗೆಯುವುದು. ತಣ್ಣೀರಲ್ಲಿ ಒಗೆದರೆ ಹಿಕ್ಕೆ ಬಹುಪಾಲು ಹೋಗುತ್ತದೆ, ನುಸಿ ಸಾಯುವುದಿಲ್ಲ. ಅದಕ್ಕೆ 60 ಡಿಗ್ರಿ ಬಿಸಿ ಬೇಕು. ನಮ್ಮ ವಾಷಿಂಗ್ ಮಷೀನಿಗೆ ನೀರು ಕಾಯಿಸಲು ಬರುವುದಿಲ್ಲ. ಆದರೆ ಬಚ್ಚಲಲ್ಲಿ ಹಂಡೆ ಸದಾ ಕುದಿಯುತ್ತಿರುತ್ತದೆ! ಹಾಲಿಗೆ ಇಡುವ ಥರ್ಮಾಮೀಟರ್ ತಂದು, ದೊಡ್ಡ ಬೋಗುಣಿಯಲ್ಲಿ ಹದ ನೋಡಿ, ವಾರಕ್ಕೊಮ್ಮೆ ಹಾಸು, ಹೊದಿಕೆ, ದಿಂಬಿನ ಚೀಲ ಅರ್ಧ ಗಂಟೆ ಮುಳುಗಿಸಿಟ್ಟು ಆಮೇಲೆ ಮಷೀನಿಗೆ ಹಾಕುತ್ತೇನೆ. ಮೊದಲ ವಾರ ಅತ್ತೆ, ‘ಈ ಮಳೆಯಲ್ಲಿ ಇಷ್ಟು ಒಗೆದರೆ ಒಣಗಿಸೋದೆಲ್ಲೇ?’ ಅಂದರು. ಆಮೇಲೆ ಅವರೇ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿಸಿದರು. ಹೊಗೆಯೂ ಅವನ ಎದೆಗೆ ಆಗದು. ಅದಕ್ಕೇ ಉರಿ ಆರಿ ಕೆಂಡವಾದ ಮೇಲೆ ಹರವುತ್ತೇವೆ, ಅವನನ್ನು ಆ ಕಡೆ ಬಿಡುವುದಿಲ್ಲ.

ಅವನ ಬಟ್ಟೆ ಕರಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಎರಡು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಒಗೆದೆ. ಒಗೆಯದಿದ್ದರೆ ಸತ್ತ ನುಸಿ, ಹಿಕ್ಕೆ ಎರಡೂ ಒಳಗೇ ಉಳಿಯುತ್ತವೆ. ಕೋಣೆ ಗುಡಿಸುವುದು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ.

ಒಂದು ತಪ್ಪನ್ನು ಹೇಳಲೇಬೇಕು. ಎರಡು ತಿಂಗಳಲ್ಲಿ ಸೀನು ಕಮ್ಮಿಯಾಯಿತು, ಕೆಮ್ಮು ನಿಂತಿತು. ಹಾಸಿಗೆಯೇ ಸರಿಹೋಯಿತಲ್ಲ ಅಂತ, ದಿನವೂ ಕೊಡುತ್ತಿದ್ದ ಇನ್ಹೇಲರನ್ನು ಯಾರನ್ನೂ ಕೇಳದೆ ನಿಲ್ಲಿಸಿದೆ. ಮೂರನೇ ವಾರ ನೆಗಡಿಯಾಯಿತು. ಆ ರಾತ್ರಿ ಮಗು ಪಕ್ಕೆ ಒಳಗೆಳೆದುಕೊಂಡು ಉಸಿರಾಡುವುದನ್ನು ನೋಡುತ್ತಾ, ಘಾಟಿ ರಸ್ತೆಯಲ್ಲಿ ಆಸ್ಪತ್ರೆಗೆ ಹೋದೆವು. ಇನ್ಹೇಲರು ಉಸಿರುನಾಳದ ಒಳ ಊತ ತಗ್ಗಿಸುತ್ತದೆ. ಹಾಸಿಗೆಯ ಕೆಲಸ ಆ ಊತವನ್ನು ಕೆರಳಿಸುವ ಒಂದು ಕಾರಣವನ್ನಷ್ಟೇ ಕಮ್ಮಿ ಮಾಡುತ್ತದೆ. ಎಲ್ಲ ಮಕ್ಕಳಿಗೂ ಇದರಿಂದ ಇಷ್ಟೇ ಗುಣ ಕಾಣುವುದಿಲ್ಲ ಎಂದೂ ವೈದ್ಯರು ಹೇಳಿದರು. ಈಗ ಡೋಸ್ ಇಳಿಸುವುದು ಏರಿಸುವುದು ಅವರು ಹೇಳಿದಂತೆಯೇ.

ಕಂಬಳಿಯೊಂದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಬಿಸಿನೀರಿಗೆ ಹಾಕಿದರೆ ಕುಗ್ಗಿ ಗಂಟಾಗುತ್ತದೆ, ಫ್ರೀಜರಿನಲ್ಲಿ ಹಿಡಿಸುವುದಿಲ್ಲ. ಸದ್ಯ ಅದನ್ನು ಅವನ ಕೋಣೆಯಿಂದ ಆಚೆ ಇಟ್ಟಿದ್ದೇನೆ. ಅಡಿಕೆ ಅಂಗಳಕ್ಕೆ ಬಿಸಿಲು ಬಂದ ಮೇಲೆ ಎರಡೂ ಮಗ್ಗುಲು ಕಾಯಿಸಬೇಕು.