ಸೀನಿಯರ್ ಆಫೀಸ್ ಬಿಟ್ಟು ಸ್ವಂತ ಬೋರ್ಡ್ ಹಾಕೋರಿಗೆ: ಹಾಸನದಲ್ಲಿ ಕೂತು ಆಫ್ರಿಕಾದಿಂದ ಕಲಿತಿದ್ದು

ನಾಲ್ಕೈದು ವರ್ಷ ಸೀನಿಯರ್ ವಕೀಲರ ಹತ್ರ ಫೈಲ್ ಹೊತ್ತು, ಈಗ ಸ್ವಂತ ಆಫೀಸ್ ಮಾಡ್ಬೇಕು ಅಂತಿರೋ ಹುಡುಗ್ರು ಹುಡ್ಗೀರು ನಮ್ಮ ಹಾಸನ ಕೋರ್ಟಲ್ಲಿ ತುಂಬಾ ಜನ ಇದಾರೆ, ಬಂದು ಕೇಳೋದು ಒಂದೇ, ಸರ್ ರೂಮ್ ಎಲ್ಲಿ ಮಾಡ್ಲಿ ಅಂತ. ರೂಮ್ ಆಮೇಲೆ ನೋಡೋಣ. ಮೊದ್ಲು ದುಡ್ಡು ಎಲ್ಲಿಡ್ತೀರ ಹೇಳಿ, ನಿಮ್ಮ ದುಡ್ಡಲ್ಲ, ಪಾರ್ಟಿ ದುಡ್ಡು, ಅಂದ್ರೆ ಕಕ್ಷಿದಾರರ ದುಡ್ಡು.

ನಾನು ಶುರು ಮಾಡ್ದಾಗ ಈ ಬುದ್ಧಿ ಇರ್ಲಿಲ್ಲ. ಆಲೂರು ಕಡೆಯ ಒಬ್ರು ಅಜ್ಜಿ ಶುಂಠಿ ಮಾರಿದ ದುಡ್ಡಲ್ಲಿ ಪಾಲಿನ ದಾವೆಗೆ ಅಂತ ಖರ್ಚಿಗೆ ಕೊಟ್ಟಿದ್ರು, ನಾನು ಅದನ್ನ ನನ್ನ ಖಾತೆಗೇ ಹಾಕ್ಕೊಂಡೆ, ಆ ತಿಂಗಳು ಬಾಡಿಗೆ, ಗುಮಾಸ್ತರ ಸಂಬಳ, ಪೆಟ್ರೋಲ್ ಎಲ್ಲಾ ಅದರಲ್ಲೇ ಕರಗೋಯ್ತು, ದಾವೆ ಹಾಕೋ ದಿನ ಸ್ನೇಹಿತನ ಹತ್ರ ಕೈಸಾಲ ತಂದು ಕಟ್ದೆ. ನುಂಗೋ ಉದ್ದೇಶ ಇರ್ಲಿಲ್ಲ ನಿಜ, ಆದ್ರೆ ಅಜ್ಜಿ ದುಡ್ಡನ್ನ ನಾನು ಖರ್ಚು ಮಾಡಿದ್ದೂ ನಿಜ. ಅವತ್ತಿನಿಂದ ಬೇರೆ ಕಡೆ ವಕೀಲರು ಇದನ್ನ ಹೇಗೆ ಮಾಡ್ತಾರೆ ಅಂತ ಹುಡ್ಕೋಕೆ ಶುರು ಮಾಡ್ದೆ.

ದಕ್ಷಿಣ ಆಫ್ರಿಕಾದಲ್ಲಿ ಇದನ್ನ ವಕೀಲರ ಮನಸಾಕ್ಷಿಗೆ ಬಿಟ್ಟಿಲ್ಲ. ಅಲ್ಲಿ ಅಟಾರ್ನಿ, ಅಂದ್ರೆ ವಕೀಲ, ಸ್ವಂತವಾಗಿ ಪ್ರಾಕ್ಟೀಸ್ ಮಾಡ್ಬೇಕಂದ್ರೆ 2014ರ ಲೀಗಲ್ ಪ್ರಾಕ್ಟೀಸ್ ಕಾಯ್ದೆ ಪ್ರಕಾರ ಫಿಡೆಲಿಟಿ ಫಂಡ್ ಸರ್ಟಿಫಿಕೇಟ್ ಇರ್ಲೇಬೇಕು, ಕಕ್ಷಿದಾರರ ದುಡ್ಡಿಗೆ ಬೇರೆ ಟ್ರಸ್ಟ್ ಖಾತೆ, ಅದಕ್ಕೆ ಆಡಿಟ್, ವಕೀಲನೇ ದುಡ್ಡು ಹೊಡೆದ್ರೆ ಕಕ್ಷಿದಾರರಿಗೆ ಆ ಫಂಡಿಂದ ಪರಿಹಾರ. ವಕೀಲರ ನಡತೆ ನೋಡ್ಕೊಳ್ಳೋ ನಮ್ಮ ಬಾರ್ ಕೌನ್ಸಿಲ್ ನಿಯಮದಲ್ಲೂ ಕಕ್ಷಿದಾರರ ದುಡ್ಡಿಗೆ ಲೆಕ್ಕ ಇಡ್ಬೇಕು ಅಂತಿದೆ, ಹಾಗಾಗಿ ಇದು ಹೊಸ ಕೆಲಸ ಅಲ್ಲ, ಮಾಡ್ಬೇಕಾದ ಕೆಲಸನೇ. ನಾಳೆನೇ ಬ್ಯಾಂಕಿಗೆ ಹೋಗಿ ಇನ್ನೊಂದು ಖಾತೆ ತೆಗೀರಿ, ಅದಕ್ಕೆ ಫೋನ್ ಪೇ ಗೀನ್ ಪೇ ಏನೂ ಜೋಡಿಸ್ಬೇಡಿ, ಕೋರ್ಟ್ ಫೀ, ಪ್ರಾಸೆಸ್ (ಸಮನ್ಸ್ ಕಳಿಸೋ ಶುಲ್ಕ), ಕೋರ್ಟ್ ಕಮಿಷನರ್ ಖರ್ಚು ಅಂತ ಬಂದಿದ್ದೆಲ್ಲಾ ಅಲ್ಲಿಗೆ ಹೋಗ್ಲಿ. ನಿಮ್ಮ ಫೀಸು ಮಾತ್ರ ನಿಮ್ಮ ಖಾತೆಗೆ. ಒಂದು ನೋಟ್‌ಬುಕ್ಕಲ್ಲಿ ಫೈಲಿಗೊಂದು ಪುಟ, ಎಡಗಡೆ ಬಂದಿದ್ದು, ಬಲಗಡೆ ಹೋಗಿದ್ದು, ನೂರು ರೂಪಾಯಿ ಇಸ್ಕೊಂಡ್ರೂ ರಸೀದಿ ಕೊಡಿ, ಓದೋಕೆ ಬರದೇ ಇರೋರಿಗೆ ಬಾಯಲ್ಲಿ ಓದಿ ಹೇಳಿ. ಕೇಸ್ ಗೆದ್ರೆ ಇಷ್ಟು ಪರ್ಸೆಂಟ್ ಅಂತ ಮಾತ್ರ ಒಪ್ಕೋಬೇಡಿ, ಅದು ನಿಯಮಕ್ಕೇ ವಿರುದ್ಧ.

ಸೀನಿಯರ್‌ನ ಯಾವಾಗ ಬಿಡೋದು ಅನ್ನೋದು ಇನ್ನೊಂದು ಪ್ರಶ್ನೆ. ಕೀನ್ಯಾದಲ್ಲಿ ಕಾಯ್ದೆನೇ ಹೇಳುತ್ತೆ, ಮೊದಲ ಪ್ರಾಕ್ಟೀಸ್ ಸರ್ಟಿಫಿಕೇಟ್ ಸಿಕ್ಕಿದ ಮೇಲೆ ಎರಡು ವರ್ಷ ಸಂಬಳದ ಕೆಲಸ ಮಾಡ್ದೆ ಸ್ವಂತ ಪ್ರಾಕ್ಟೀಸ್ ಮಾಡಂಗಿಲ್ಲ ಅಂತ. ಸಂಬಳದ ಕೆಲಸ, ಗಮನಿಸಿ. ನಮ್ಮಲ್ಲಿ ಇವತ್ತು ಎನ್‌ರೋಲ್ ಆಗಿ ನಾಳೆ ಬೋರ್ಡ್ ಹಾಕ್ಬೋದು, ಜೂನಿಯರ್‌ಗೆ ಬಸ್ ಚಾರ್ಜ್ ಕೂಡ ಕೊಡದ ಆಫೀಸ್‌ಗಳೂ ಇವೆ. 2024ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಅಂತ ಸುತ್ತೋಲೆ ಕಳಿಸ್ತು, ಅದು ಶಿಫಾರಸು ಅಷ್ಟೇ. ನನ್ನ ಲೆಕ್ಕ ಇಷ್ಟು: ಒಂದು ದಾವೆನ ಪ್ಲೇಂಟ್ (ದಾವೆ ಅರ್ಜಿ) ಬರೆಯೋದ್ರಿಂದ ಹಿಡಿದು ಪಾಟೀಸವಾಲು, ವಾದ, ತೀರ್ಪಿನ ತನಕ ನೀವೇ ನಡೆಸಿದ್ರೆ ಹೊರಡಿ, ಬರೀ ವಾಯಿದೆ ತಗೊಳ್ತಾ ನಾಲ್ಕು ವರ್ಷ ಕಳೆದಿದ್ರೆ ಇನ್ನೂ ಸ್ವಲ್ಪ ದಿನ ಕೂತ್ಕೊಳ್ಳಿ. ಹೊರಡುವಾಗ ಸೀನಿಯರ್ ಪಾರ್ಟಿಗಳನ್ನ ಎಳ್ಕೊಂಡು ಹೋಗ್ಬೇಡಿ, ಅವರಾಗೇ ಹುಡ್ಕೊಂಡು ಬಂದ್ರೂ ಮೊದ್ಲು ಸೀನಿಯರ್ ಹತ್ರ ಒಪ್ಪಿಗೆ ಬರೆಸ್ಕೊಂಡೇ ವಕಾಲತ್ತು ಹಾಕಿ.

ಈಗ ರೂಮು. ನೆಲ್ಸನ್ ಮಂಡೇಲಾ ಮತ್ತೆ ಅವರ ಜೊತೆ ವಕೀಲ ಆಲಿವರ್ ಟಾಂಬೊ 1952ರಲ್ಲಿ ಜೊಹಾನ್ಸ್‌ಬರ್ಗಲ್ಲಿ ಆಫೀಸ್ ತೆಗೆದಿದ್ದು ಚಾನ್ಸೆಲರ್ ಹೌಸ್ ಅನ್ನೋ ಸಣ್ಣ ಕಟ್ಟಡದಲ್ಲಿ, ಮ್ಯಾಜಿಸ್ಟ್ರೇಟ್ ಕೋರ್ಟ್ ಎದುರಿಗೆ. ಆ ಕಟ್ಟಡ ಭಾರತೀಯ ಮೂಲದವರದ್ದು, ಕಪ್ಪು ಜನರಿಗೆ ಊರೊಳಗೆ ಬಾಡಿಗೆಗೆ ಸಿಗ್ತಿದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು. ಕಪ್ಪು ಜನ ಹೊತ್ಕೊಂಡೇ ಓಡಾಡ್ಬೇಕಿದ್ದ ಪಾಸ್ ಇಲ್ಲ ಅಂತ ಹಿಡಿಸ್ಕೊಂಡೋರು, ಊರು ಬಿಡಿ ಅಂತ ಅನ್ನಿಸ್ಕೊಂಡೋರು, ಹೀಗೆ ಜನ ಮೆಟ್ಟಿಲ ಮೇಲೂ ಕಾಯ್ತಿದ್ರು. ಬಾಗಿಲಿಗೆ ಬಂದ ಕಷ್ಟವೇ ಅವರ ಪ್ರಾಕ್ಟೀಸ್ ಆಯ್ತು. ನಮ್ಮ ಬಾಗಿಲಿಗೆ ಬರೋದು ಏನು ಯೋಚ್ನೆ ಮಾಡಿ: ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರಿಗೆ ಮಾಡಿಸೋದು), ಪೋಡಿ (ಜಮೀನು ಅಳೆಸಿ ಬೇರೆ ಮಾಡಿಸೋದು), ಅಣ್ಣ ತಮ್ಮಂದಿರ ಪಾಲು, ಸಕಲೇಶಪುರ ಕಡೆ ಆನೆ ತುಳಿದ ಬೆಳೆ ಪರಿಹಾರ, ಚೆಕ್ ಬೌನ್ಸ್, ಅಪಘಾತ. ಇದರಲ್ಲಿ ಎರಡನ್ನ ಹಿಡ್ಕೊಂಡು ತಾಲೂಕು ಕಚೇರಿ ಮೆಟ್ಟಿಲಿಂದ ಹೈಕೋರ್ಟ್ ತೀರ್ಪಿನ ತನಕ ಪೂರ್ತಿ ಕಲೀರಿ. ರೂಮ್ ಸಣ್ಣದಿದ್ರೂ ಪರ್ವಾಗಿಲ್ಲ, ಬಸ್ ಇಳಿದು ಬರೋ ವಯಸ್ಸಾದವರು ಹತ್ತೋಕಾಗೋ ಹಂಗಿರ್ಲಿ. ಬೋರ್ಡ್ ಚಿಕ್ಕದು ಸಾಕು, ಪ್ರಚಾರಕ್ಕೆ ನಿಯಮದಲ್ಲಿ ಅವಕಾಶ ಇಲ್ಲ.

ಡೈರಿ ವಿಷಯ ಬೇಗ ಹೇಳ್ತೀನಿ. ಚೆಕ್ ಕೇಸಲ್ಲಿ ಚೆಕ್ ವಾಪಸ್ ಆಯ್ತು ಅನ್ನೋ ಬ್ಯಾಂಕ್ ಮೆಮೊ ಬಂದು 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿ 15 ದಿನ ಕಾಯಬೇಕು, ಆಮೇಲೆ ಒಂದು ತಿಂಗಳೊಳಗೆ ದೂರು. ಇಂಥ ತಾರೀಕನ್ನ ಫೈಲ್ ತಗೊಂಡ ದಿನವೇ ಪುಸ್ತಕದಲ್ಲೂ ಮೊಬೈಲಲ್ಲೂ ಎರಡೂ ಕಡೆ ಬರೀರಿ.

ಇನ್ನು ನಾಯಕತ್ವ. 1954ರಲ್ಲಿ ಮಂಡೇಲಾ ಹೆಸರನ್ನ ವಕೀಲರ ಪಟ್ಟಿಯಿಂದ ತೆಗೀಬೇಕು ಅಂತ ಅಲ್ಲಿನ ವಕೀಲರ ಸಂಸ್ಥೆ ಟ್ರಾನ್ಸ್‌ವಾಲ್ ಲಾ ಸೊಸೈಟಿ ಕೋರ್ಟಿಗೆ ಹೋಯ್ತು, ವರ್ಣಭೇದದ ಕಾನೂನುಗಳ ವಿರುದ್ಧ ಚಳವಳಿ ಮಾಡಿದ್ದೇ ತಪ್ಪು ಅಂತ. ಅವರ ಪರ ನಿಂತಿದ್ದು ಜೊಹಾನ್ಸ್‌ಬರ್ಗ್ ಬಾರ್ ಕೌನ್ಸಿಲ್ ಅಧ್ಯಕ್ಷರಾಗಿದ್ದ ವಾಲ್ಟರ್ ಪೊಲಾಕ್, ಅದೂ ಫೀಸು ತಗೊಳ್ದೆ. ಕೋರ್ಟು ಸೊಸೈಟಿ ಅರ್ಜಿನ ವಜಾ ಮಾಡ್ತು. ಇದನ್ನ ಓದ್ದಾಗೆಲ್ಲಾ ನಮ್ಮ ವಕೀಲರ ಸಂಘದ ಚುನಾವಣೆ ನೆನಪಾಗುತ್ತೆ ನಂಗೆ. ಓಟು ಕೇಳೋಕೆ ಬಂದೋರನ್ನ ನೀವು ಕೇಳಿ: ನಾಳೆ ದೊಡ್ಡೋರ ವಿರುದ್ಧ ಕೇಸ್ ಹಿಡಿದೆ ಅಂತ ನನ್ನ ಮೇಲೆ ಯಾರಾದ್ರೂ ದೂರು ಕೊಟ್ರೆ ನನ್ನ ಪಕ್ಕ ಬಂದು ನಿಲ್ತೀರಾ ಅಂತ. ನಿಮ್ಮ ಆಫೀಸಿಗೆ ಮೊದಲ ಜೂನಿಯರ್ ಸೇರಿದ ದಿನ ಅವರೂ ನಿಮ್ಮನ್ನ ಇದೇ ಪ್ರಶ್ನೆ ಕೇಳ್ಬೋದು, ಅವರಿಗೆ ಕೊಡೋ ಸಂಬಳನ ರೂಮಿನ ಬಾಡಿಗೆಗಿಂತ ಮೊದ್ಲೇ ತೆಗೆದಿಡಿ.